ಡಿನ್ನರ್ ಎಂದರೆ ಯಾವ ಹೊತ್ತಿನ ಊಟ?

ಮಾನ್ಯ ಓದುಗರೇ,

ಮಗಳಿಗಾಗಿ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾದಂಬರಿ ‘ಜೇನ್ ಏರ್’ ಅನ್ನು ಕನ್ನಡಕ್ಕೆ ತರುತ್ತಿರುವ ತಾವು ಮೊದಲ ಪುಟದಲ್ಲೇ ತಡೆದು ನಿಂತುದಾಗಿ ಬರೆದಿದ್ದೀರಿ. ಡಿನ್ನರ್ ಆದ ಮೇಲೆ ಗಾಳಿಮಳೆ ಹಿಡಿದುಕೊಂಡು ಹೊರಗೆ ಅಡ್ಡಾಡುವಂತಿರಲಿಲ್ಲ ಎಂದು ಕಥಾನಾಯಕಿಯಾದ ಬಾಲಕಿ ಜೇನ್ ಹೇಳುತ್ತಾಳೆ. ರಾತ್ರಿ ಊಟವಾದ ಮೇಲೆ ಮಕ್ಕಳನ್ನು ಹೊರಗೆ ಬಿಡುವವರು ಯಾರು ಎಂಬುದು ತಮ್ಮ ಪ್ರಶ್ನೆ.

ಅದು ರಾತ್ರಿಯಲ್ಲ. ಅದೇ ವಾಕ್ಯದ ಆವರಣದೊಳಗೆ, ನೆಂಟರಿಷ್ಟರಿಲ್ಲದ ದಿನ ಜೇನ್‌ಳನ್ನು ಸಾಕುತ್ತಿದ್ದ ಅತ್ತೆ ಮಿಸೆಸ್ ರೀಡ್ ಬೇಗ ಉಣ್ಣುತ್ತಿದ್ದಳೆಂಬ ಮಾತಿದೆ. ಇನ್ನಷ್ಟು ಮುಂದೆ, ಜೇನ್ ಕಿಟಕಿಯ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಕೆಂಪು ಪರದೆ ಎಳೆದುಕೊಂಡು, ಹಕ್ಕಿಗಳ ಪುಸ್ತಕದ ಹಾಳೆ ಮಗುಚುತ್ತಾ ನಡುನಡುವೆ ಗಾಜಿನಾಚೆಗೆ ಕಣ್ಣು ಹಾಯಿಸುತ್ತಾಳಲ್ಲ, ಆಕೆ ಅಲ್ಲಿ ಕಾಣುವುದು ನವೆಂಬರಿನ ಮಧ್ಯಾಹ್ನವನ್ನು.

ಆ ಕಾಲದ ಇಂಗ್ಲಿಷಿನಲ್ಲಿ ಡಿನ್ನರ್ ಎಂಬುದು ದಿನದ ಮುಖ್ಯ ಊಟದ ಹೆಸರೇ ಹೊರತು ಹೊತ್ತಿನ ಹೆಸರಲ್ಲ. ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯ ಕಮ್ಮಾರ ಜೋನ ಮನೆಯಲ್ಲಿ ಕ್ರಿಸ್‌ಮಸ್ ಡಿನ್ನರ್ ಮಧ್ಯಾಹ್ನ 1.30ಕ್ಕೆ, 1813ರಲ್ಲಿ ಬಂದ ‘ಪ್ರೈಡ್ ಅಂಡ್ ಪ್ರಿಜುಡಿಸ್’ನ ಸಿರಿವಂತ ಬಿಂಗ್ಲಿಯ ಮನೆಯಲ್ಲಿ ಅದು ಸಂಜೆ 6.30ಕ್ಕೆ, ಅದಕ್ಕೆಂದು ಹೆಂಗಸರು 5 ಗಂಟೆಗೇ ಉಡುಪು ಬದಲಿಸಲು ಎದ್ದುಹೋಗುತ್ತಾರೆ. ಕತ್ತಲಾದ ಮೇಲೆ ಉಣ್ಣಬೇಕೆಂದರೆ ಮೇಣದ ಬತ್ತಿಗಳಿಗೆ ಹಣ ಸುರಿಯಬೇಕು. ತಡವಾದ ಊಟ ಹಾಗೆ ಅಂತಸ್ತಿನ ಗುರುತಾಯಿತು. ‘ಪ್ರೈಡ್ ಅಂಡ್ ಪ್ರಿಜುಡಿಸ್’ ಬರೆದ ಜೇನ್ ಆಸ್ಟಿನ್ ಅವರ ಮನೆಗೂ ಈ ಬಿಸಿ ತಟ್ಟಿತ್ತು. 1798ರ ಡಿಸೆಂಬರಿನಲ್ಲಿ, ಸಿರಿವಂತ ಅಣ್ಣನ ಮನೆಯಲ್ಲಿ ತಂಗಿದ್ದ ಅಕ್ಕ ಕಸ್ಸಾಂಡ್ರಾಗೆ ಬರೆಯುತ್ತಾ ಅವರು, ನಾವೀಗ ಮೂರೂವರೆಗೇ ಉಣ್ಣುತ್ತೇವೆ, ನೀವು ಶುರುಮಾಡುವ ಮೊದಲೇ ನಮ್ಮದು ಮುಗಿದಿರಬಹುದು, ನಮ್ಮನ್ನು ಕೀಳಾಗಿ ಕಾಣುವಿರೇನೋ ಎನ್ನುತ್ತಾರೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ಮನೆಯ ಊಟವೂ 5 ಗಂಟೆಗೆ ಸರಿದಿತ್ತು.

ಊಟ ಹೀಗೆ ಸಂಜೆಗೆ ಜರುಗಿದಂತೆ ಮಲಗುವ ಮುನ್ನದ ‘ಸಪ್ಪರ್’ ಹಳೆಯ ಕಾಲದ್ದೆನಿಸಿತು. ‘ಎಮ್ಮಾ’ ಕಾದಂಬರಿಯ ಮುದುಕ ವುಡ್‌ಹೌಸ್, ತನ್ನ ಯೌವನದ ರೂಢಿಯೆಂಬ ಪ್ರೀತಿಗೆ ಸಪ್ಪರ್ ಮೇಜಿಗೆ ಬಟ್ಟೆ ಹಾಸಿಸುತ್ತಾನೆ. ಆದರೆ ರಾತ್ರಿ ತಿಂದರೆ ಮೈಗೆ ಒಗ್ಗದೆಂದು ನಂಬಿದವನಾದ್ದರಿಂದ, ಬಂದವರು ತಟ್ಟೆಗೆ ಕೈಹಾಕಿದೊಡನೆ ಸಂಕಟಪಡುತ್ತಾನೆ. ನನಗೆ ಅಚ್ಚುಮೆಚ್ಚಿನ ಪ್ರಸಂಗವಿದು.

ನಾವು ಡಿನ್ನರ್ ಎಂದೊಡನೆ ರಾತ್ರಿಯನ್ನೇ ನೆನೆಯುವುದರಿಂದ ಅನುವಾದದಲ್ಲಿ ‘ರಾತ್ರಿಯೂಟ’ ತಾನಾಗಿ ನುಸುಳುತ್ತದೆ. ನಮ್ಮ ‘ಊಟ’ಕ್ಕಾದರೋ ಹೊತ್ತಿನ ಹಂಗಿಲ್ಲ, ‘ಊಟ ಆಯಿತೇ’ ಎಂದು ಮಧ್ಯಾಹ್ನವೂ ಕೇಳುತ್ತೇವೆ, ರಾತ್ರಿಯೂ ಕೇಳುತ್ತೇವೆ. ಆದ್ದರಿಂದ ತಾವು ಅಲ್ಲಿ ‘ಊಟವಾದ ಮೇಲೆ’ ಎಂದಷ್ಟೇ ಬರೆಯಿರಿ, ಅಡಿಟಿಪ್ಪಣಿಯೂ ಬೇಡ. ಮೊದಲ ಅಧ್ಯಾಯ ಮುಗಿದಾಗ ನಮಗೂ ಒಂದು ಪ್ರತಿ ಕಳುಹಿಸಿದರೆ ಸಂತೋಷದಿಂದ ಓದುತ್ತೇನೆ.

– ಸಂಪಾದಕ