ಸಂಪಾದಕರ ಉತ್ತರ: ಪರೀಕ್ಷೆ ತಿಂಗಳಲ್ಲಿ ತಪಸ್ಸು ಕಾಲ

ಪ್ರೀತಿಯ ತಂಗಿ,

ಪಾಸ್ಕ ಹಬ್ಬಕ್ಕೆ (ಈಸ್ಟರ್) ಮುಂಚಿನ ಉಪವಾಸ, ಪ್ರಾರ್ಥನೆ, ದಾನದ ತಪಸ್ಸು ಕಾಲ ಶುರುವಾಗುವ ದಿನ, 2025ರ ಬೂದಿ ಬುಧವಾರದ ರಾತ್ರಿ, ನೀನು ಬರೆದ ಪತ್ರ ತಲುಪಿದೆ. ಹತ್ತನೇ ಕ್ಲಾಸು. ಬೆಳಿಗ್ಗೆ ಸ್ಪೆಷಲ್ ಕ್ಲಾಸು, ಸಂಜೆ ಟ್ಯೂಷನ್, ಮನೆಗೆ ಬಂದು ಎಲ್ಲರ ಜೊತೆ ಜಪಸರದ ಪ್ರಾರ್ಥನೆಗೆ ಕೂತರೆ ಎರಡನೇ ರಹಸ್ಯಕ್ಕೇ, ಅಂದರೆ ಅದರ ಎರಡನೇ ಭಾಗಕ್ಕೇ, ತೂಕಡಿಕೆ. ಯೇಸುವಿನ ಯಾತನೆ ನೆನೆಯುವ ಶುಕ್ರವಾರದ ಶಿಲುಬೆ ಹಾದಿ ಪ್ರಾರ್ಥನೆ ಸರಿಯಾಗಿ ಟ್ಯೂಷನ್ ಹೊತ್ತಿಗೇ ಬರುತ್ತೆ. ಅಜ್ಜಿ ಒಂದು ಹೊತ್ತು ಊಟ ಬಿಡುತ್ತಾರೆ, ನನಗೆ ಅದೂ ಆಗುತ್ತಿಲ್ಲ ಅಂತ ಬರೆದಿದ್ದೀಯ. ಕೊನೆಗೆ ‘ಈ ಸಲ ತಪಸ್ಸು ಕಾಲ ನನ್ನ ಪಾಲಿಗೆ ಇಲ್ಲವೇನೋ’ ಅಂದಿದ್ದೀಯಲ್ಲ, ಆ ಮಾತಿಗಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ. ನಿನ್ನ ಹಾಗೆ ಒದ್ದಾಡುವ ಮಕ್ಕಳು ನಮ್ಮ ಎಲ್ಲ ಧರ್ಮಕೇಂದ್ರಗಳಲ್ಲೂ (ಚರ್ಚುಗಳಲ್ಲೂ) ಇದ್ದಾರೆ.

ಮೊದಲು ಊಟದ ವಿಷಯ. ಕಥೋಲಿಕ ಧರ್ಮಸಭೆಯ ಕಾನೂನಿನಲ್ಲಿ ಉಪವಾಸದ ಕಟ್ಟುಪಾಡು ಇರುವುದು 18 ತುಂಬಿದವರಿಗೆ, ಅದೂ 59 ತುಂಬುವವರೆಗೆ. ಮಾಂಸ ಬಿಡುವ ನಿಯಮ 14 ತುಂಬಿದವರಿಗೆ. ಹಾಗಾಗಿ ನೀನು ಮಾಂಸ ಬಿಟ್ಟರೆ ಸಾಕು, ಹಸಿದ ಹೊಟ್ಟೆಯಲ್ಲಿ ಲೆಕ್ಕ ಬಿಡಿಸಲು ಕೂರಬೇಡ. ಅಜ್ಜಿಗೂ ಈಗ ಕಡ್ಡಾಯ ಇರಲಿಕ್ಕಿಲ್ಲ, ಅವರು ಪ್ರೀತಿಯಿಂದ ಮಾಡುತ್ತಿದ್ದಾರೆ. ಅದನ್ನು ನೋಡಿ ಸಂತೋಷಪಡು, ನಿನ್ನನ್ನು ಅವರ ಜೊತೆ ಹೋಲಿಸಿಕೊಂಡು ಕುಗ್ಗಬೇಡ.

ಇನ್ನು ಓದು ಮತ್ತು ಪ್ರಾರ್ಥನೆಯ ಜಗಳ. ಸಂತ ಲೊಯೋಲದ ಇಗ್ನೇಷಿಯಸ್ ಗೊತ್ತಲ್ವಾ, ಯೇಸುಸಭೆ (ಜೆಸ್ವಿಟ್ ಗುರುಗಳ ಸಂಘ) ಕಟ್ಟಿದವರು? ಸೈನಿಕರಾಗಿದ್ದವರು, 1521ರಲ್ಲಿ ಸ್ಪೇನಿನ ಪಾಂಪ್ಲೋನಾದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದ ಮೇಲೆ ದೇವರ ಕಡೆ ತಿರುಗಿದರು. ಅವರು ಲ್ಯಾಟಿನ್ ವ್ಯಾಕರಣ ಕಲಿಯಲು ಬಾರ್ಸಿಲೋನಾಗೆ ಹೋದಾಗ ವಯಸ್ಸು ಮೂವತ್ತು ದಾಟಿತ್ತು. ಪಾಠ ಬಾಯಿಪಾಠ ಮಾಡಲು ಕೂತರೆ ಸಾಕು, ಮನಸ್ಸಿನಲ್ಲಿ ದೇವರ ಬಗ್ಗೆ ಸವಿಯಾದ ಯೋಚನೆಗಳು ಉಕ್ಕಿ ಬರುತ್ತಿದ್ದವು, ಪಾಠ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಇದು ದೊಡ್ಡ ವರ ಅಂದುಕೊಳ್ಳುತ್ತಿದ್ದರು. ಪ್ರಾರ್ಥನೆಗೆ ಕೂತಾಗ, ಚರ್ಚಿನ ಬಲಿಪೂಜೆಯಲ್ಲಿ ಕೂಡ, ಇಷ್ಟು ಬೆಳಕು ಬರುವುದಿಲ್ಲ, ಪುಸ್ತಕ ತೆರೆದಾಗ ಮಾತ್ರ ಯಾಕೆ ಬರುತ್ತೆ ಅಂತ ಅವರು ಯೋಚಿಸಿದರು. ಇದು ಶೋಧನೆ, ಅಂದರೆ ದಾರಿ ತಪ್ಪಿಸುವ ಸೆಳೆತ, ಅಂತ ಗೊತ್ತಾಯಿತು. ನೇರ ಮೇಷ್ಟರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿ, ಹೊಟ್ಟೆಗೆ ರೊಟ್ಟಿ ನೀರು ಸಿಗುವ ತನಕ ಈ ಎರಡು ವರ್ಷ ನಿಮ್ಮ ಪಾಠ ತಪ್ಪಿಸುವುದಿಲ್ಲ ಅಂತ ಮಾತು ಕೊಟ್ಟರು. ಮುಂದೆ ತಮ್ಮ ಸಭೆಯ ವಿದ್ಯಾರ್ಥಿಗಳಿಗೂ ಉದ್ದುದ್ದ ಪ್ರಾರ್ಥನೆ ಹೇರಲಿಲ್ಲ, ಆದರೆ ದಿನಕ್ಕೆ ಎರಡು ಸಲ ಆತ್ಮಶೋಧನೆ (ನಡೆದ ದಿನವನ್ನು ದೇವರ ಮುಂದೆ ತಿರುಗಿ ನೋಡುವುದು) ಮಾತ್ರ ಬಿಡಬಾರದು ಅಂದರು.

ನಿನಗೂ ಅದನ್ನೇ ಹೇಳುತ್ತೇನೆ, ಒಂದು ಸಲ ಮಾಡಿದರೂ ಸಾಕು. ರಾತ್ರಿ ನಿದ್ದೆ ತಡೆಯುವುದಿಲ್ಲ ಅಂದಮೇಲೆ ರಾತ್ರಿಗೆ ಇಡಬೇಡ. ಟ್ಯೂಷನ್ ಬಿಟ್ಟು ಮನೆ ಕಡೆ ನಡೆಯುತ್ತೀಯಲ್ಲ, ಆ ದಾರಿಯೇ ಸರಿ. ಇವತ್ತು ಏನು ಒಳ್ಳೆಯದಾಯಿತು, ಅದಕ್ಕೆ ಒಂದು ವಂದನೆ. ಎಲ್ಲಿ ಎಡವಿದೆ? ‘ಪಾಪ ಮಾಡಿದೆ’ ಅಂತ ಸುಮ್ನೆ ಒಟ್ಟಾಗಿ ಹೇಳಿ ಮುಗಿಸಬೇಡ, ನಡೆದದ್ದನ್ನು ನಡೆದ ಹಾಗೆ ನೋಡು. ಗೆಳತಿ ವಿಜ್ಞಾನದ ನೋಟ್ಸ್ ಕೇಳಿದಳು, ನೋಟ್ಸ್ ಬ್ಯಾಗಿನಲ್ಲೇ ಇತ್ತು, ಅವಳಿಗೆ ಜಾಸ್ತಿ ಮಾರ್ಕ್ಸ್ ಬಂದುಬಿಟ್ಟರೆ ಅನ್ನುವ ಭಯಕ್ಕೆ ‘ಮನೇಲಿ ಬಿಟ್ಟು ಬಂದಿದ್ದೀನಿ’ ಅಂದೆ. ಇಂಥದ್ದು ಏನಾದರೂ ಇದ್ದರೆ ಹೀಗೇ ಹೇಳು. ನಾಳೆ ಅವಳು ಕೇಳುವ ಮೊದಲೇ ಕೊಡು. ತಪಸ್ಸು ಕಾಲದಲ್ಲಿ ದಾನ ಮಾಡಿ ಅಂತ ಚರ್ಚಿನ ಗುರುಗಳು ಹೇಳಿದಾಗ ಕೈಯಲ್ಲಿ ದುಡ್ಡಿಲ್ಲದ ಮಕ್ಕಳು ಸುಮ್ಮನಾಗಿಬಿಡುತ್ತಾರೆ, ಪರೀಕ್ಷೆ ಹತ್ತಿರ ಬಂದಾಗ ನೋಟ್ಸ್ ಬಿಟ್ಟುಕೊಡುವುದು ದುಡ್ಡು ಕೊಡುವುದಕ್ಕಿಂತ ಕಷ್ಟದ ದಾನ ಅಂತ ನನಗೆ ಅನ್ನಿಸುತ್ತೆ.

ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಮಾರ್ಚ್ ತಿಂಗಳಲ್ಲಿ ನಮ್ಮ ಮಕ್ಕಳ ಪ್ರಾರ್ಥನೆಯೆಲ್ಲ ಹರಕೆ ಆಗಿಬಿಡುತ್ತೆ. ಇಷ್ಟು ಮಾರ್ಕ್ಸ್ ಕೊಡು, ಇಷ್ಟು ಮೇಣದಬತ್ತಿ ಹಚ್ಚುತ್ತೇನೆ. ಕೇಳುವುದು ತಪ್ಪಲ್ಲ, ತಂದೆಯ ಹತ್ತಿರ ಮಕ್ಕಳು ಕೇಳದೆ ಇನ್ನ್ಯಾರು ಕೇಳಬೇಕು? ಆದರೆ ದೇವರ ಜೊತೆ ಮಾತಾಡುವುದು ಅಷ್ಟಕ್ಕೇ ನಿಂತರೆ, ರಿಸಲ್ಟ್ ಬಂದ ದಿನ ಅವರ ಹತ್ತಿರ ಮಾತಾಡಲು ಏನೂ ಉಳಿಯುವುದಿಲ್ಲ.

ಫೋನಿನ ಬಗ್ಗೆ ನಿನ್ನ ಪತ್ರದಲ್ಲಿ ಒಂದು ಮಾತೂ ಇಲ್ಲ. ನಿನ್ನ ಹತ್ತಿರ ಇದ್ದರೆ, ರೀಲ್ಸ್ ನೋಡುವ ಸಮಯ ಎಷ್ಟು ಅಂತ ನೀನೇ ಲೆಕ್ಕ ಹಾಕು. ಸಮಯ ಇಲ್ಲ ಅನ್ನುವ ಮೊದಲು ಇದೊಂದು ಕೆಲಸ ಮಾಡು.

ಪ್ರತಿ ಸೋಮವಾರ, ಬರುವ ಭಾನುವಾರ ಪೂಜೆಯಲ್ಲಿ ಓದುವ ಶುಭಸಂದೇಶವನ್ನು ಒಂದೇ ಸಲ ನಿಧಾನವಾಗಿ ಓದಿಕೋ. ಮಾರ್ಚ್ 23ರಂದು ಹಣ್ಣು ಬಿಡದ ಅಂಜೂರದ ಮರದ ಸಾಮತಿ (ಯೇಸು ಹೇಳಿದ ನೀತಿಕಥೆ) ಬರುತ್ತೆ, ಲೂಕ 13ನೇ ಅಧ್ಯಾಯ. ಯಜಮಾನ ಕಡಿದುಹಾಕು ಅನ್ನುತ್ತಾನೆ, ತೋಟದ ಆಳು ಇದೊಂದು ವರ್ಷ ಬಿಡಿ, ಬುಡ ಅಗೆದು ಗೊಬ್ಬರ ಹಾಕುತ್ತೇನೆ ಅಂತ ಬೇಡಿಕೊಳ್ಳುತ್ತಾನೆ. ನನ್ನಿಂದ ಏನೂ ಆಗುತ್ತಿಲ್ಲ ಅನ್ನುವವರು ಓದಲೇಬೇಕಾದ ಭಾಗ ಅದು. ಅದರ ಮುಂದಿನ ಭಾನುವಾರ, ಪರೀಕ್ಷೆಯ ನಟ್ಟನಡುವೆ, ಮನೆ ಬಿಟ್ಟು ಹೋದ ಮಗನನ್ನು ತಂದೆ ಓಡಿಬಂದು ಅಪ್ಪಿಕೊಳ್ಳುವ ಕಥೆ.

ಇನ್ನೊಂದು ವಿಷಯ ನೀನು ಗಮನಿಸಿಲ್ಲ ಅನ್ನಿಸುತ್ತೆ. ಈ ವರ್ಷ, ಅಂದರೆ 2025ರಲ್ಲಿ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ 21ಕ್ಕೆ ಶುರುವಾಗಿ ಏಪ್ರಿಲ್ 4ಕ್ಕೆ ಮುಗಿಯುತ್ತೆ. ಪಾಸ್ಕ ಹಬ್ಬ ಏಪ್ರಿಲ್ 20ಕ್ಕೆ. ನಡುವೆ ಎರಡು ವಾರ ಪೂರ್ತಿ ನಿನ್ನದೇ. ಗುರುಗಳ ಬಳಿ ಪಾಪ ಹೇಳಿಕೊಳ್ಳುವ ಪಾಪ ನಿವೇದನೆಯನ್ನು ಆಗ ಇಟ್ಟುಕೋ, ಪಾಸ್ಕಕ್ಕೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರಕ್ಕೆ ಮೊದಲೇ, ಪವಿತ್ರ ವಾರದ ನೂಕುನುಗ್ಗಲಿನಲ್ಲಿ ಬೇಡ. ಏಪ್ರಿಲ್ 4 ಶುಕ್ರವಾರವೇ. ಆ ಸಂಜೆ ಟ್ಯೂಷನ್ ಇರುವುದಿಲ್ಲ, ಅಜ್ಜಿಯನ್ನು ಕರೆದುಕೊಂಡು ಶಿಲುಬೆ ಹಾದಿಗೆ ಹೋಗು.

ನಿನ್ನ
ಸಂಪಾದಕ