ನಾಲ್ಕು ವರ್ಷದ ಹಿಂದಿನ ಸೂಜಿ, ಈ ವರ್ಷದ ಸಾವು

ಜಮಖಂಡಿ ತಾಲ್ಲೂಕಿನ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ, ಹಾಕಿಲ್ಲ. ಅವರ ತಂಗಿಯ ಮಗ, ನಲವತ್ತೊಂದರ ವಯಸ್ಸಿನವನು, ಕಬ್ಬಿನ ಹೊಲದಲ್ಲೇ ತೀರಿಕೊಂಡಿದ್ದಾನೆ. 'ಮಣ್ಣಿಗೆ ಬಂದವರ ಬಾಯಾಗೆಲ್ಲ ಒಂದ ಮಾತು, ಇದು ಆ ಕೊರೊನಾ ಸೂಜಿದ ಕೆಲಸ' ಎಂದು ಬರೆದು ಮೂರು ಪ್ರಶ್ನೆ ಹಾಕಿದ್ದಾರೆ. 2021ರಲ್ಲಿ 'ಲಸಿಕೆ ಹಾಕಿಸಿಕೊಳ್ಳಿ' ಎಂದು ಬರೆದ ಪತ್ರಿಕೆ, ಕಂಪನಿಯೇ ಲಂಡನ್ ಕೋರ್ಟಿನಲ್ಲಿ ಒಪ್ಪಿಕೊಂಡ ಮೇಲೆ ಏನು ಹೇಳುತ್ತದೆ? ಅರವತ್ತೇಳು ದಾಟಿದ, ಶುಗರ್ ಮತ್ತು ಬಿಪಿ ಇರುವ ತಮ್ಮ ಮನೆಯವರಿಗೆ ಬೂಸ್ಟರ್ ಹಾಕಿಸಬೇಕೇ? ಸುತ್ತಲಿನ ಹಳ್ಳಿಗಳಲ್ಲಿ ಹೀಗೆ ಹೋದ ಹನ್ನೊಂದು ಜನರ ಪಟ್ಟಿ ಮಾಡಿಟ್ಟಿದ್ದಾರೆ, ಅದನ್ನು ಪ್ರಕಟಿಸುತ್ತೀರಾ?

ಮಾಸ್ತರರೇ, ಶರಣು.

ಮಣ್ಣು ಮಾಡಿ ಬಂದ ಮನೆಗೆ ಅಂಕಿಸಂಖ್ಯೆ ಹಿಡಿದು ಬರುವವನನ್ನು ಯಾರೂ ಒಳಗೆ ಕರೆಯುವುದಿಲ್ಲ, ಗೊತ್ತಿದೆ. ಆದರೆ 'ನುಣ್ಣಗ ಮಾತಾಡಬ್ಯಾಡ್ರಿ, ಖರೇ ಹೇಳ್ರಿ' ಎಂದು ನೀವೇ ಬರೆದಿದ್ದೀರಿ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ಕೋರ್ಟಿನ ಸುದ್ದಿ ಸುಳ್ಳಲ್ಲ. ತನ್ನ ಲಸಿಕೆ ಬಲು ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ತರಬಲ್ಲದು ಎಂದು ಆಸ್ಟ್ರಾಜೆನೆಕಾ ಕಂಪನಿ 2024ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ನ್ಯಾಯಾಲಯಕ್ಕೆ ಕೊಟ್ಟ ದಾಖಲೆಯಲ್ಲಿ ಒಪ್ಪಿಕೊಂಡಿತು. ಅದೇ ಲಸಿಕೆಯನ್ನು ಪುಣೆಯ ಸೀರಂ ಸಂಸ್ಥೆ ಕೋವಿಶೀಲ್ಡ್ ಎಂಬ ಹೆಸರಿನಲ್ಲಿ ತಯಾರಿಸಿತ್ತು. ನಮ್ಮ ಟಿವಿಗಳು ಇದನ್ನು ಹೂತಿಟ್ಟ ಹೆಣ ಮೇಲೆ ಬಂದಂತೆ ತೋರಿಸಿದವು. ಅಸಲಿಗೆ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2021ರ ಏಪ್ರಿಲ್ 7ರಂದೇ ಈ ತೊಂದರೆಯನ್ನು ಅತಿ ವಿರಳ ಅಡ್ಡಪರಿಣಾಮ ಎಂದು ಬಹಿರಂಗವಾಗಿ ದಾಖಲಿಸಿತ್ತು. ರಕ್ತದಲ್ಲಿ ಗಡ್ಡೆ ಕಟ್ಟುತ್ತದೆ, ಜೊತೆಜೊತೆಗೆ ಪ್ಲೇಟ್‌ಲೆಟ್ ಇಳಿಯುತ್ತದೆ. ಟಿಟಿಎಸ್ ಎನ್ನುತ್ತಾರೆ. ಬ್ರಿಟನ್ನಿನ ಲೆಕ್ಕದಲ್ಲಿ ಮೊದಲ ಡೋಸ್ ಪಡೆದ ಸುಮಾರು 50 ಸಾವಿರದಿಂದ ಒಂದು ಲಕ್ಷ ಜನರಲ್ಲಿ ಒಬ್ಬರಿಗೆ ಬಂತು, ಅದೂ ಚಿಕ್ಕ ವಯಸ್ಸಿನವರಲ್ಲಿ ತುಸು ಹೆಚ್ಚು. ಅದಕ್ಕೇ ಅಲ್ಲಿ 2021ರ ಮೇ ತಿಂಗಳಲ್ಲಿ, ನಲವತ್ತರ ಕೆಳಗಿನವರಿಗೆ ಸಾಧ್ಯವಾದಷ್ಟೂ ಬೇರೆ ಲಸಿಕೆ ಕೊಡಿ ಎಂದರು. ನಮ್ಮಲ್ಲಿ ಹೆಚ್ಚಿನವರಿಗೆ ಅಂಥ ಆಯ್ಕೆ ಸಿಗಲಿಲ್ಲ. ಆಯ್ಕೆ ಇಲ್ಲದಿದ್ದರೂ ಮಾಹಿತಿ ಕೊಡಬಹುದಿತ್ತು. ಇಂಥಿಂಥ ಲಕ್ಷಣ ಕಂಡರೆ ಓಡಿ ಬನ್ನಿ ಎಂದು ಪ್ರತಿ ಲಸಿಕಾ ಕೇಂದ್ರದ ಗೋಡೆಗೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಹಾಕಬೇಕಿತ್ತು. ಆ ಸಿಟ್ಟಿನಲ್ಲಿ ನಾನು ನಿಮ್ಮ ಪಕ್ಕದಲ್ಲೇ ನಿಲ್ಲುತ್ತೇನೆ.

ಆದರೆ ಈ ತೊಂದರೆಗೆ ಒಂದು ಕಾಲಮಿತಿ ಇದೆ. ಸೂಜಿ ಹಾಕಿದ ನಾಲ್ಕನೇ ದಿನದಿಂದ ಹೆಚ್ಚುಕಡಿಮೆ ಆರು ವಾರದೊಳಗೆ ಅದು ಕಾಣಿಸಿಕೊಳ್ಳುತ್ತದೆ. ಗುಳಿಗೆಗೂ ಬಗ್ಗದ ತಲೆನೋವು, ಮಂಜಾಗುವ ಕಣ್ಣು, ಬಿಡದ ಹೊಟ್ಟೆನೋವು, ಬಾತ ಕಾಲು ಅದರ ಗುರುತುಗಳು. ನಿಮ್ಮ ಅಳಿಯ ಎರಡನೇ ಡೋಸ್ ಹಾಕಿಸಿಕೊಂಡದ್ದು 2021ರ ದೀಪಾವಳಿಯ ಆಸುಪಾಸು ಎಂದು ನೀವೇ ಬರೆದಿದ್ದೀರಿ. ನಾಲ್ಕು ವರ್ಷ ದಾಟಿದ ಸಾವಿಗೆ ಈ ಕಾರಣ ಹೊಂದುವುದಿಲ್ಲ. ಇನ್ನು ಹೃದಯದ ಸ್ನಾಯು ಊದಿಕೊಳ್ಳುವ ವಿಡಿಯೊಗಳು ನಿಮ್ಮ ಮೊಬೈಲಿಗೂ ಬಂದಿರುತ್ತವೆ. ಅವು ಬಹುಪಾಲು ಫೈಜರ್, ಮಾಡರ್ನಾ ಲಸಿಕೆಗಳ ಮಾತು. ನಮ್ಮ ದೇಶದ ಅಭಿಯಾನದಲ್ಲಿ ಅವು ಬಳಕೆಯಾಗಲೇ ಇಲ್ಲ.

ವಯಸ್ಸಿನ ಹುಡುಗರು ಹಠಾತ್ತನೆ ಸಾಯುವುದನ್ನು ಯಾರಾದರೂ ಕೂತು ಲೆಕ್ಕ ಹಾಕಿದ್ದಾರೆಯೇ ಎಂದು ಕೇಳಿದ್ದೀರಿ. ಹಾಕಿದ್ದಾರೆ. ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನವರು 19 ರಾಜ್ಯಗಳ 47 ಆಸ್ಪತ್ರೆಗಳಲ್ಲಿ, 18ರಿಂದ 45 ವಯಸ್ಸಿನ, ಆರೋಗ್ಯವಾಗಿದ್ದೂ ದಿಢೀರ್ ತೀರಿಕೊಂಡ 729 ಜನರ ವಿವರ ತೆಗೆದರು. ಅದೇ ವಯಸ್ಸಿನ, ಅದೇ ಕಡೆಯ, ಬದುಕಿರುವ 2,916 ಜನರೊಂದಿಗೆ ಹೋಲಿಸಿದರು. ಲಸಿಕೆಯಿಂದ ಅಪಾಯ ಹೆಚ್ಚಾದದ್ದು ಕಾಣಲಿಲ್ಲ. ಎರಡು ಡೋಸ್ ಪಡೆದವರಲ್ಲಿ ಅಪಾಯ ಕಡಿಮೆಯೇ ಇತ್ತು. ಹೆಚ್ಚಾಗಿ ಕಂಡದ್ದು ಬೇರೆ ಕಡೆ: ಹಿಂದೆ ಕೋವಿಡ್ ಆಗಿ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಹಠಾತ್ ಸಾವು ಕಂಡವರಲ್ಲಿ, ಸಾವಿಗೆ ಎರಡು ದಿನ ಮುಂಚೆ ವಿಪರೀತ ಕುಡಿದವರಲ್ಲಿ, ಮಾದಕ ವಸ್ತು ಬಳಸಿದವರಲ್ಲಿ, ಆ ಎರಡು ದಿನಗಳಲ್ಲಿ ಮೈಮುರಿದು ಶ್ರಮಪಟ್ಟವರಲ್ಲಿ. 2025ರ ಜೂನ್‌ನಲ್ಲಿ ಹಾಸನದ ಸಾವುಗಳು ಸುದ್ದಿಯಾದಾಗ ಮುಖ್ಯಮಂತ್ರಿಗಳೇ ಲಸಿಕೆಯ ಮೇಲೆ ಸಂಶಯ ಎತ್ತಿದ್ದರು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಅವರದೇ ಸರ್ಕಾರ ಕೂರಿಸಿದ ಸಮಿತಿಗೂ ಅಂಥ ನಂಟು ಸಿಗಲಿಲ್ಲ.

'ಸತ್ತವರೆಲ್ಲ ಸೂಜಿ ಹಾಕಿಸಿಕೊಂಡವರೇ' ಎಂಬುದು ನಿಮ್ಮ ದೊಡ್ಡ ವಾದ. ಖರೇ ಮಾತು. ಆದರೆ ಅವರೆಲ್ಲ ಆಧಾರ್ ಕಾರ್ಡ್ ಇದ್ದವರೂ ಹೌದಲ್ಲವೇ? 18 ದಾಟಿದ ಬಹುತೇಕ ಎಲ್ಲರಿಗೂ ಲಸಿಕೆ ಬಿದ್ದ ನಾಡಿನಲ್ಲಿ ಹಾವು ಕಚ್ಚಿ ಸತ್ತವನೂ ಲಸಿಕೆ ಹಾಕಿಸಿಕೊಂಡವನೇ ಆಗಿರುತ್ತಾನೆ.

ಈಗ ನೀವು ಒಂದೇ ಉಸಿರಿಗೆ ಬರೆದು ಮುಂದೆ ಹೋದ ಸಾಲಿಗೆ ಬರುತ್ತೇನೆ. 'ಮುಂಜಾನೆ ಎದಿ ಉರಿಯಾಕತ್ತೇತಿ, ಗ್ಯಾಸ್ ಆಗಿರಬೇಕು ಅಂದ. ಸೋಡಾ ಕುಡದು ಮತ್ತ ಹೊಲಕ್ಕ ಹ್ವಾದ. ಮಧ್ಯಾಹ್ನ ಬದುವಿನ ಮ್ಯಾಲ ಕುಂತಾಂವ ಏಳಲಿಲ್ಲ.' ಪತ್ರದ ಉಳಿದೆಲ್ಲಕ್ಕಿಂತ ಈ ಮೂರು ಸಾಲು ನನ್ನನ್ನು ಹಿಡಿದು ನಿಲ್ಲಿಸಿದವು. ದೂರದಲ್ಲಿ ಕೂತು ರೋಗ ಹೇಳಲು ನಾನು ಡಾಕ್ಟರ್ ಅಲ್ಲ. ಆದರೆ ಮುಂಜಾನೆಯ ಎದೆ ಉರಿಗೂ ಮಧ್ಯಾಹ್ನದ ಸಾವಿಗೂ ನಡುವೆ ಹಲವು ತಾಸು ಇದ್ದವು. ನಮ್ಮ ಭಾಗದಲ್ಲಿ ಎದೆನೋವೆಂದರೆ ಗ್ಯಾಸ್, ಗ್ಯಾಸ್ ಎಂದರೆ ಸೋಡಾ. ಅಷ್ಟು ಹೊತ್ತಿನಲ್ಲಿ ತಾಲ್ಲೂಕು ಆಸ್ಪತ್ರೆ ಮುಟ್ಟಿ ಒಂದು ಇಸಿಜಿ ತೆಗೆಸಬಹುದಿತ್ತು. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯಜ್ಯೋತಿ ಯೋಜನೆ ಇರುವುದೇ ಇದಕ್ಕೆ. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ಹೃದಯ ತಜ್ಞರಿಗೆ ಕಳಿಸುತ್ತಾರೆ. ಹೃದಯಾಘಾತವೆಂದು ಖಚಿತವಾದರೆ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ಇಂಜೆಕ್ಷನ್ ಪುಕ್ಕಟೆ ಕೊಡುತ್ತಾರೆ. ಹೊರಗೆ ಕೊಂಡರೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಎದೆನೋವು ಶುರುವಾದ ಮೊದಲ ತಾಸಿನಲ್ಲಿ ಸಿಕ್ಕರೆ ಅದರ ಕೆಲಸವೇ ಬೇರೆ. ನಾಲ್ಕು ವರ್ಷದ ಹಿಂದಿನ ಸೂಜಿಯ ಚರ್ಚೆ ಊರೆಲ್ಲ ನಡೆಯಿತು, ಈ ಸೂಜಿಯ ಹೆಸರು ಮಣ್ಣಿಗೆ ಬಂದ ಒಬ್ಬರ ಬಾಯಲ್ಲೂ ಬರಲಿಲ್ಲವಲ್ಲ ಎಂಬುದೇ ನನ್ನ ಸಂಕಟ.

2021ರಲ್ಲಿ ನಾವು ಬರೆದದ್ದನ್ನು ಇವತ್ತೂ ಬರೆಯುತ್ತೇನೆ. ಬೆಳಗಾವಿಯ ಸಂಸದರೂ ಕೇಂದ್ರದ ರೈಲ್ವೆ ರಾಜ್ಯ ಸಚಿವರೂ ಆಗಿದ್ದ ಸುರೇಶ ಅಂಗಡಿಯವರು ದಿಲ್ಲಿಯ ಏಮ್ಸ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡದ್ದು 2020ರ ಸೆಪ್ಟೆಂಬರ್ 23ರಂದು. ದೇಶದ ಹೆಸರಾಂತ ಆಸ್ಪತ್ರೆಯಲ್ಲಿ ಎಲ್ಲವೂ ಇತ್ತು, ಲಸಿಕೆಯೊಂದು ಆಗ ನಮ್ಮ ದೇಶದಲ್ಲಿ ಯಾರ ಬಳಿಯೂ ಇರಲಿಲ್ಲ. ತೆರವಾದ ಅವರ ಕ್ಷೇತ್ರಕ್ಕೆ 2021ರ ಏಪ್ರಿಲ್ 17ರಂದು ಮತದಾನವಾಯಿತು. ಎರಡನೇ ಅಲೆ ಆಗಲೇ ಹೊಸ್ತಿಲು ದಾಟಿ ಒಳಗೆ ಬಂದಿತ್ತು. 45 ದಾಟಿದವರಿಗೆಲ್ಲ ಲಸಿಕೆ ತೆರೆದು ಆಗಿನ್ನೂ ಮೂರು ವಾರವೂ ಆಗಿರಲಿಲ್ಲ. 18 ದಾಟಿದವರಿಗೆ ಮೇ ತಿಂಗಳಲ್ಲಿ ಬಾಗಿಲು ತೆರೆದರು, ನಮ್ಮ ರಾಜ್ಯದಲ್ಲಿ ದಾಸ್ತಾನಿಲ್ಲದೆ ನಾಲ್ಕೇ ದಿನಕ್ಕೆ ಮುಚ್ಚಿದರು. ಅದೇ ವಾರ ಕೋವಿಶೀಲ್ಡ್‌ನ ಎರಡು ಡೋಸ್‌ಗಳ ನಡುವಿನ ಅಂತರವನ್ನು 12ರಿಂದ 16 ವಾರಕ್ಕೆ ಎಳೆದರು. ಮಹಾರಾಷ್ಟ್ರ ಗಡಿಯ ಕೊಗನೊಳ್ಳಿ ಚೆಕ್‌ಪೋಸ್ಟಿನಲ್ಲಿ ಗಂಟಲ ದ್ರವದ ರಿಪೋರ್ಟ್ ಕೇಳುತ್ತಿದ್ದ ದಿನಗಳವು. ಗೋವಾಕ್ಕೆ ದುಡಿಯಲು ಹೋಗಿದ್ದ ವಿಜಯಪುರ, ಬಾಗಲಕೋಟೆಯ ಜನ ಗಂಟು ಕಟ್ಟಿಕೊಂಡು ಮರಳುತ್ತಿದ್ದರು. ಲಸಿಕೆಯ ಮೇಲೆ ನನಗೆ ದೂರು ಇದ್ದರೆ ಅದು ತಡವಾಗಿ ಬಂತು ಎಂಬುದೇ. ಆ ಏಪ್ರಿಲ್, ಮೇ ತಿಂಗಳಲ್ಲಿ ಮಣ್ಣಾದವರ ಪಟ್ಟಿಯನ್ನು ನಿಮ್ಮೂರಿನಲ್ಲಿ ಯಾರೂ ಮಾಡಿಡಲಿಲ್ಲವೇ?

'ನಮ್ಮ ಮ್ಯಾಲೆ ಪ್ರಯೋಗ ಮಾಡಿದ್ರು' ಎಂದೂ ಬರೆದಿದ್ದೀರಿ. ಪ್ರಯೋಗ ನಡೆದದ್ದು ಹೌದು, ಅದೂ ಇಲ್ಲೇ. ನಮ್ಮ ದೇಶದಲ್ಲೇ ರೂಪುಗೊಂಡ ಇನ್ನೊಂದು ಲಸಿಕೆ ಕೋವ್ಯಾಕ್ಸಿನ್‌ನ ಪ್ರಯೋಗದ ಮೊದಲ ಹಂತಕ್ಕೆ 2020ರ ಜುಲೈನಲ್ಲಿ ದೇಶದಾದ್ಯಂತ ಆರಿಸಿದ 12 ಆಸ್ಪತ್ರೆಗಳಲ್ಲಿ ಬೆಳಗಾವಿಯ ಜೀವನರೇಖಾ ಒಂದು. ಅಲ್ಲಿ ತೋಳು ಕೊಟ್ಟವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಸ್ವಂತ ಇಚ್ಛೆಯಿಂದ ಬಂದವರು. ನಿಮ್ಮ ಮಾತಿನಲ್ಲಿ ತೂಕ ಇರುವ ಭಾಗ ಬೇರೆ ಇದೆ: ಮೂರನೇ ಹಂತದ ಫಲಿತಾಂಶ ಕೈಗೆ ಬರುವ ಮೊದಲೇ, 2021ರ ಜನವರಿ 3ರಂದು, ಕೋವ್ಯಾಕ್ಸಿನ್‌ಗೆ ತುರ್ತು ಅನುಮತಿ ಕೊಟ್ಟರು. ಆ ಆತುರ ಲಸಿಕೆಗೇ ಕೆಟ್ಟ ಹೆಸರು ತಂದಿತು. ಆಮೇಲೆ ಬಂದ ಫಲಿತಾಂಶ, ಲಕ್ಷಣ ಸಹಿತ ಕೋವಿಡ್ ತಡೆಯುವುದರಲ್ಲಿ ಶೇ 77.8, ಚೆನ್ನಾಗಿಯೇ ಇತ್ತು. ಆದರೆ ಹೋದ ನಂಬಿಕೆ ಅಂಕಿಯ ಬೆನ್ನು ಹತ್ತಿ ವಾಪಸ್ ಬರುವುದಿಲ್ಲ.

ಒತ್ತಾಯದ ಬಗ್ಗೆಯೂ ಅಷ್ಟೇ. ಸೂಜಿ ಹಾಕಿಸಿಕೊಳ್ಳದಿದ್ದರೆ ರೇಷನ್ ಬಂದ್, ಪಿಂಚಣಿ ಬಂದ್ ಎಂದು ಕೆಲವೆಡೆ ಅಧಿಕಾರಿಗಳು ಹೆದರಿಸಿದರು. ಬಿಸಿಲಲ್ಲಿ ಮನೆಮನೆ ತಿರುಗಿ ಬೈಗುಳ ತಿಂದು ಒಪ್ಪಿಸಿದ ಆಶಾ ಕಾರ್ಯಕರ್ತೆಯರ ಕೆಲಸಕ್ಕೆ ಅವರೇ ಮಣ್ಣು ಹಾಕಿದರು. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ಅಡ್ಡಪರಿಣಾಮಗಳ ಮಾಹಿತಿ ಜನರಿಗೆ ಸಿಗಬೇಕು ಎಂದು 2022ರ ಮೇ 2ರಂದು ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಅದೇ ಕೋರ್ಟಿಗೆ, ಲಸಿಕೆಯಿಂದಾದ ಸಾವಿಗೆ ತಾನು ಹೊಣೆಯಲ್ಲ, ಬೇಕಿದ್ದವರು ಸಿವಿಲ್ ಕೋರ್ಟಿಗೆ ಹೋಗಲಿ ಎಂದಿತು. ದೇಶದ ಸಲುವಾಗಿ ತೋಳು ಚಾಚು ಎಂದವರು ಲಕ್ಷಕ್ಕೊಬ್ಬನಿಗೆ ಆದ ನಷ್ಟವನ್ನು ತುಂಬಿಕೊಡದೆ ಕೈ ತೊಳೆದುಕೊಳ್ಳುವುದು ಯಾವ ನ್ಯಾಯವೋ!

ಇನ್ನು ನಿಮ್ಮ ಮನೆಯವರ ವಿಷಯ. ಮೊದಲ ಎರಡು ಡೋಸ್ ಬೇಕಿತ್ತೇ ಎಂಬುದು ಒಂದು ಪ್ರಶ್ನೆ, ಬೂಸ್ಟರ್ ಬೇಕೇ ಎಂಬುದು ಇನ್ನೊಂದು. ಎರಡಕ್ಕೂ ಒಂದೇ 'ಹೂಂ' ಅಥವಾ ಒಂದೇ 'ಊಹೂಂ' ಹೇಳುವವರನ್ನು, ಅವರು ಸರ್ಕಾರದವರಿರಲಿ ವಾಟ್ಸಾಪಿನವರಿರಲಿ, ನಾನು ನಂಬುವುದಿಲ್ಲ.

ಬೂಸ್ಟರ್ ಎಂಬುದೇನೂ ಹೊಸ ಅವತಾರವಲ್ಲ. ಮಕ್ಕಳಿಗೆ ಒಂದೂವರೆ ವರ್ಷ ತುಂಬಿದಾಗ ಒಮ್ಮೆ, ಐದು ತುಂಬಿದ ಮೇಲೊಮ್ಮೆ ಡಿಪಿಟಿ ಮತ್ತೆ ಹಾಕಿಸುತ್ತೇವೆ. ಕುಡಗೋಲು ತಾಗಿದರೆ ಟಿಟಿ ಮಾಡಿಸಿಕೊಳ್ಳುತ್ತೇವೆ. ಬೆಳಗಾವಿಯ ಟಿಳಕವಾಡಿಯಲ್ಲಿ ಜನ ಮುಂಜಾನೆ ವಾಕಿಂಗಿಗೆ ಹೋಗುವ ವ್ಯಾಕ್ಸಿನ್ ಡಿಪೋ ಇದೆಯಲ್ಲ, ಅಲ್ಲಿ ಬ್ರಿಟಿಷರ ಕಾಲದಿಂದ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಆ ಲಸಿಕೆಯನ್ನೂ ಕೆಲ ವರ್ಷಕ್ಕೊಮ್ಮೆ ಮತ್ತೆ ಹಾಕಿಸಿಕೊಳ್ಳಬೇಕಿತ್ತು. ನಿಮ್ಮ ತೋಳಿನ ಮೇಲೂ ಆ ಕಲೆ ಇದ್ದೀತು. 2021ರಲ್ಲಿ ಪುಣೆಯಿಂದ ಬಂದ ಕೋವಿಶೀಲ್ಡ್‌ನಲ್ಲಿ ನಮ್ಮ ಭಾಗದ ಜಿಲ್ಲೆಗಳ ಪಾಲು ಇಳಿದದ್ದೂ ಬೆಳಗಾವಿಯಲ್ಲೇ.

ಕೊರೊನಾದಲ್ಲಿ ಆದದ್ದು ಇದು. ಲಸಿಕೆ ಹುಟ್ಟಿಸಿದ ಪ್ರತಿಕಾಯಗಳು ಕೆಲ ತಿಂಗಳಲ್ಲಿ ರಕ್ತದಲ್ಲಿ ಇಳಿಯುತ್ತವೆ. ವೈರಸ್ಸನ್ನು ನೆನಪಿಟ್ಟುಕೊಳ್ಳುವ ಜೀವಕೋಶಗಳು ಬಹುಕಾಲ ಉಳಿಯುತ್ತವೆ. ಹಾಗಾಗಿ ಮೂಗಿಗೆ ಬರುವ ಸೋಂಕು ತಡೆಯುವ ಶಕ್ತಿ ಬೇಗ ಕುಗ್ಗುತ್ತದೆ, ಪುಪ್ಪುಸಕ್ಕಿಳಿದು ಸಾವಿನವರೆಗೆ ಒಯ್ಯುವುದನ್ನು ತಡೆಯುವ ಶಕ್ತಿ ಹೆಚ್ಚು ಕಾಲ ನಿಲ್ಲುತ್ತದೆ. 'ಎರಡು ಸೂಜಿ ಹಾಕಿಸಿದ್ರೂ ಬಂತಲ್ಲ' ಎಂಬ ನಿಮ್ಮ ಮಾತಿಗೆ ಉತ್ತರ ಅಲ್ಲಿದೆ. ಅದರ ಮೇಲೆ ರೂಪ ಬದಲಿಸಿದ ಒಮೈಕ್ರಾನ್ ಬಂತು. ದೇಶದಲ್ಲಿ ಅದು ಮೊದಲು ಪತ್ತೆಯಾದದ್ದು ನಮ್ಮ ಕರ್ನಾಟಕದಲ್ಲೇ, 2021ರ ಡಿಸೆಂಬರ್ 2ರಂದು. ವಯಸ್ಸಾದವರಿಗೆ 2022ರ ಜನವರಿ 10ರಿಂದ ಮುನ್ನೆಚ್ಚರಿಕೆ ಡೋಸ್, ಅಂದರೆ ಬೂಸ್ಟರ್, ಶುರುವಾಯಿತು. 18 ದಾಟಿದ ಉಳಿದವರಿಗೆ ಏಪ್ರಿಲ್‌ನಲ್ಲಿ ತೆರೆದರು, ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟು. ಜುಲೈವರೆಗೆ ಆ ವಯಸ್ಸಿನವರಲ್ಲಿ ಹಾಕಿಸಿಕೊಂಡವರು ಶೇ 1 ಕೂಡ ಇರಲಿಲ್ಲ. ಆಮೇಲೆ 75 ದಿನ ಪುಕ್ಕಟೆ ಕೊಟ್ಟರು. ಭಯ ಹೋಗಿತ್ತು, ಸೋಯಾಬಿನ್ನಿಗೆ ಎಡೆ ಹೊಡೆಯುವ ಹಂಗಾಮು ಬಂದಿತ್ತು, ಯಾರು ಸಾಲಿನಲ್ಲಿ ನಿಲ್ಲುತ್ತಾರೆ?

ಇಪ್ಪತ್ತೈದರ, ರೋಗವಿಲ್ಲದ ನಿಮ್ಮ ಮೊಮ್ಮಗ ಈಗ ಬೂಸ್ಟರ್ ಬೇಕೇ ಎಂದು ಕೇಳಿದ್ದರೆ, ನಿನ್ನ ಕೆಲಸ ನೋಡಿಕೋ ಎನ್ನುತ್ತಿದ್ದೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರೂ 2023ರಿಂದ ಈಚೆಗೆ ಅಂಥವರಿಗೆ ಮತ್ತೆ ಮತ್ತೆ ಹಾಕಿಸಿ ಎನ್ನುತ್ತಿಲ್ಲ. ಅವರು ಒತ್ತಿ ಹೇಳುವುದು ಮುದುಕರು, ಶುಗರ್ ಮತ್ತು ಹೃದ್ರೋಗ ಇರುವವರು, ರೋಗನಿರೋಧಕ ಶಕ್ತಿ ಕುಂದಿದವರು, ಗರ್ಭಿಣಿಯರು, ಆಸ್ಪತ್ರೆ ಸಿಬ್ಬಂದಿಯ ಬಗ್ಗೆ. ನಿಮ್ಮ ಮನೆಯವರು ಈ ಸಾಲಿನಲ್ಲಿ ಎರಡು ಕಾರಣಕ್ಕೆ ನಿಲ್ಲುತ್ತಾರೆ. ಆದ್ದರಿಂದ ನನ್ನ ಉತ್ತರ ಹೌದು. ಶುಗರ್ ತೋರಿಸುವ ಡಾಕ್ಟರನ್ನೇ ಮುಂದಿನ ಭೇಟಿಯಲ್ಲಿ ಕೇಳಿ. ಹಿಂದಿನದು ಕೋವಿಶೀಲ್ಡ್ ಎಂದಿದ್ದೀರಿ, ಅದರ ಮೇಲೆ ಬೇರೆ ಬಗೆಯ ಲಸಿಕೆ, ಉದಾಹರಣೆಗೆ ಕೋರ್ಬೆವ್ಯಾಕ್ಸ್, ಬೂಸ್ಟರ್ ಆಗಿ ಹಾಕಲು 2022ರಲ್ಲೇ ಅನುಮತಿ ಸಿಕ್ಕಿದೆ. ಪುಕ್ಕಟೆ ಕೊಡುವ ಕಾಲ ಮುಗಿದಿದೆ, ಹುಡುಕಿ ಕೇಳಬೇಕಾಗುತ್ತದೆ. ವರ್ಷಕ್ಕೊಮ್ಮೆಯ ಫ್ಲೂ ಲಸಿಕೆ, ನ್ಯುಮೋನಿಯಾ ಲಸಿಕೆಯ ಬಗ್ಗೆಯೂ ಅದೇ ಬಾಯಲ್ಲಿ ಕೇಳಿಬಿಡಿ. ಅವರ ವಯಸ್ಸಿಗೆ ಅವೂ ಅಷ್ಟೇ ಮುಖ್ಯ. ಹಾಕಿದ ದಿನ ಜ್ವರ, ಮೈಕೈ ನೋವು ಬಂದರೆ ಪ್ಯಾರಾಸಿಟಮಾಲ್ ಸಾಕು. ಎರಡು ದಿನ ಮೀರಿದರೆ ತೋರಿಸಿ.

ತಂಗಿಯ ಮನೆಯಲ್ಲಿ ಇನ್ನೂ ಇಬ್ಬರು ಗಂಡುಮಕ್ಕಳು ಎಂದಿದ್ದೀರಿ. ಒಡಹುಟ್ಟಿದವನು ಈ ವಯಸ್ಸಿಗೆ ಹೀಗೆ ಹೋದ ಮೇಲೆ ಅವರಿಬ್ಬರ ಬಿಪಿ, ಶುಗರ್, ಕೊಲೆಸ್ಟ್ರಾಲ್, ಇಸಿಜಿ ಆಗಲೇಬೇಕು. ಗುಟ್ಕಾ ಇದ್ದರೆ ಬಿಡಿಸುವ ಕೆಲಸ ಮಾಮಾ ಆದ ನಿಮ್ಮದು.

ಹನ್ನೊಂದು ಜನರ ಪಟ್ಟಿಯನ್ನು ಈಗಿರುವಂತೆ ಹಾಕುವುದಿಲ್ಲ. ಅದರಲ್ಲಿ ಹೆಸರು, ಊರು, ವಯಸ್ಸು ಮಾತ್ರ ಇವೆ. ಮನೆಯವರ ಒಪ್ಪಿಗೆ ಪಡೆದು ಇನ್ನಷ್ಟು ಕಾಲಂ ಸೇರಿಸಿ ಕಳಿಸಿ: ಕೊನೆಯ ಡೋಸ್ ಹಾಕಿಸಿಕೊಂಡ ತಾರೀಖು, ತೀರಿಕೊಂಡ ತಾರೀಖು, ಕೊರೊನಾ ಬಂದಿತ್ತೇ, ಆಸ್ಪತ್ರೆ ಸೇರಿದ್ದರೇ, ಬಿಪಿ, ಶುಗರ್, ಕುಡಿತ, ತಂಬಾಕು, ಮೊದಲು ನೋವು ಕಂಡದ್ದು ಎಷ್ಟು ಗಂಟೆಗೆ, ಆಸ್ಪತ್ರೆ ಮುಟ್ಟಿದ್ದು ಎಷ್ಟು ಗಂಟೆಗೆ. ಸೂಜಿ ಹಾಕಿದ ಆರು ವಾರದೊಳಗೆ ಹೋದವರು ಒಬ್ಬರಿದ್ದರೂ ಅದರ ದಾಖಲೆಯನ್ನು ತಾಲ್ಲೂಕು ಆರೋಗ್ಯಾಧಿಕಾರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ, ಒಂದು ಪ್ರತಿ ನಮಗೂ ಹಾಕಿ. ಹೆಸರು ಮುಚ್ಚಿ, ಉಳಿದದ್ದನ್ನು ಇದ್ದದ್ದು ಇದ್ದ ಹಾಗೆ ಪ್ರಕಟಿಸುತ್ತೇವೆ.

– ಸಂಪಾದಕ