ಕೆನಡಾ ಪಾಸ್‌ಪೋರ್ಟು, ಅಮೆರಿಕದಲ್ಲಿ ಮನೆ: ಹೆಂಡತಿಗೆ ಪಿ.ಆರ್. (ಕಾಯಂ ವಾಸದ ಹಕ್ಕು) ಮಾಡಿಸುವುದು ಹೇಗೆ?

ಪ್ರಶ್ನೆ: ನಾನು ಕೆನಡಾ ಪ್ರಜೆ, ಟಿಎನ್ (ಕೆನಡಾ, ಮೆಕ್ಸಿಕೊದ ವೃತ್ತಿಪರರಿಗೆ ಅಮೆರಿಕ ಕೊಡುವ ಕೆಲಸದ ಪರವಾನಗಿ) ಮೇಲೆ ಮಿಷಿಗನ್‌ನಲ್ಲಿ ಕೆಲಸ. ಹೆಂಡತಿಯದು ಭಾರತದ ಪಾಸ್‌ಪೋರ್ಟ್, ಟಿಡಿ ಎಂಬ ಅವಲಂಬಿತರ ವೀಸಾದಲ್ಲಿ ಜೊತೆಗಿದ್ದಾಳೆ. ಮುಂದಿನ ವರ್ಷ ಒಂಟಾರಿಯೊಗೆ ಮರಳುವ ಆಲೋಚನೆ. ನಾನು ಮೊದಲು ಹೋಗಿ ನೆಲೆಯೂರಿದ ಮೇಲೆಯೇ ಅವಳಿಗೆ ಅರ್ಜಿ ಹಾಕಬೇಕೆ?
– ಓದುಗರು, ಆನ್ ಆರ್ಬರ್

ಉತ್ತರ: ಹಾಗೇನಿಲ್ಲ. ಕೆನಡಾ ಪ್ರಜೆಗಳು ಹೊರದೇಶದಲ್ಲಿದ್ದುಕೊಂಡೇ ಸಂಗಾತಿಯನ್ನು ಸ್ಪಾನ್ಸರ್ ಮಾಡಬಹುದು. ಷರತ್ತು ಒಂದೇ: ಆಕೆಗೆ ಪಿ.ಆರ್. ಆಗುವ ಹೊತ್ತಿಗೆ ನೀವೂ ಕೆನಡಾದಲ್ಲಿ ವಾಸಕ್ಕೆ ಬರುತ್ತೀರಿ ಎಂದು ದಾಖಲೆಯಿಂದ ತೋರಿಸಬೇಕು. ಹೆಚ್ಚಿನವರು ಮದುವೆ ಫೋಟೊಗಳಿಗೆ ಪಡುವ ಶ್ರಮದ ಕಾಲುಭಾಗವನ್ನೂ ಇದಕ್ಕೆ ಪಡುವುದಿಲ್ಲ. ‘ಪಿ.ಆರ್. ಬಂದ ಕೂಡಲೇ ಹೋಗುತ್ತೇವೆ’ ಎಂಬ ಒಂದು ಸಾಲು ಸಾಲದು. ಯಾವ ಊರು, ಯಾವ ತಿಂಗಳು, ಮನೆ ಸಿಗುವವರೆಗೆ ಯಾರ ಮನೆಯಲ್ಲಿ, ಕೆಲಸ ಏನು ಎಂದು ಒಂದೂವರೆ ಪುಟದ ಪತ್ರ ಬರೆಯಿರಿ. ಅದರ ಹಿಂದೆ ಕಂಪನಿಯ ವರ್ಗಾವಣೆ ಪತ್ರವೋ ಕೆಲಸದ ಸಂದರ್ಶನದ ಇಮೇಲೋ, ಬಾಡಿಗೆ ಮನೆಗಾಗಿ ನಡೆಸಿದ ಪತ್ರವ್ಯವಹಾರ, ಮನೆಸಾಮಾನು ಸಾಗಿಸುವವರು ಕೊಟ್ಟ ದರಪಟ್ಟಿ, ಕೆನಡಾದ ಬ್ಯಾಂಕ್ ಖಾತೆಯ ವಿವರ ಸೇರಿಸಿ. ಹೋದ ತಿಂಗಳಷ್ಟೇ ಮಿಷಿಗನ್‌ನಲ್ಲಿ ಮನೆ ಕೊಂಡಿದ್ದರೆ, ಇಲ್ಲವೇ ಕಂಪನಿ ನಿಮಗೆ ಗ್ರೀನ್ ಕಾರ್ಡ್ ಅರ್ಜಿ ಹಾಕಿದ್ದರೆ, ಅಧಿಕಾರಿ ಕೇಳುವ ಮೊದಲೇ ನೀವೇ ವಿವರಿಸುವುದು ಲೇಸು.

ಅರ್ಜಿ ಆನ್‌ಲೈನ್‌ನಲ್ಲೇ. ಸ್ಪಾನ್ಸರ್‌ನ ಅರ್ಜಿ ನಮೂನೆ ಐಎಂಎಂ 1344, ಇಬ್ಬರೂ ತುಂಬುವ ಸಂಬಂಧದ ಪ್ರಶ್ನಾವಳಿ ಐಎಂಎಂ 5532, ಆಕೆಯ ಮುಖ್ಯ ಅರ್ಜಿ 0008, ಹಿನ್ನೆಲೆಯ ವಿವರದ 5669, ಕುಟುಂಬದ ವಿವರದ 5406 ಎಲ್ಲವೂ ಒಟ್ಟಿಗೆ ಹೋಗಬೇಕು. 5669ರಲ್ಲಿ ಹತ್ತು ವರ್ಷದ ವಿವರ ತಿಂಗಳು ತಿಂಗಳಿಗೆ ಕೂಡಬೇಕು. ಕೆಲಸವಿಲ್ಲದೆ ಮನೆಯಲ್ಲಿದ್ದ ಎರಡು ತಿಂಗಳನ್ನೂ ಬಿಡಬೇಡಿ. ಅರ್ಜಿ ಅಪೂರ್ಣವೆಂದು ವಾಪಸಾಗುವುದಕ್ಕೆ ಇಂಥ ಖಾಲಿ ತಿಂಗಳು, ಸಹಿ ಇಲ್ಲದ ಪುಟ, ಇವೇ ಸಾಕು. ಶುಲ್ಕ 2024ರ ಏಪ್ರಿಲ್ 30ರಿಂದ ಜಾರಿಗೆ ಬಂದ ದರದಂತೆ ಸ್ಪಾನ್ಸರ್‌ಶಿಪ್‌ಗೆ 85, ಆಕೆಯ ಅರ್ಜಿಗೆ 545, ಪಿ.ಆರ್. ಹಕ್ಕಿಗೆ 575, ಒಟ್ಟು 1,205 ಕೆನಡಿಯನ್ ಡಾಲರ್ ಇತ್ತು. ಬಯೊಮೆಟ್ರಿಕ್ಸ್‌ಗೆ ಬೇರೆ 85. ಅರ್ಜಿಯ ಶುಲ್ಕ ಎರಡು ವರ್ಷಕ್ಕೊಮ್ಮೆ ಏರುತ್ತದೆ, ಕಟ್ಟುವ ದಿನದ ದರ ನೋಡಿಕೊಳ್ಳಿ. ಅರ್ಜಿ ತಿರಸ್ಕೃತವಾದರೆ ಪಿ.ಆರ್. ಹಕ್ಕಿನ ಶುಲ್ಕ ಮರಳಿ ಬರುತ್ತದೆ. ಬೆರಳಚ್ಚು ಕೊಡಲು ಕೆನಡಾಕ್ಕೆ ಹೋಗಬೇಕಿಲ್ಲ, ಅಮೆರಿಕದ ವಲಸೆ ಇಲಾಖೆಯ ಕೇಂದ್ರಗಳಲ್ಲೇ ಕೊಡಬಹುದು.

ಸಂಗಾತಿಗೆ ಮಾತ್ರವಾದರೆ ಕನಿಷ್ಠ ಆದಾಯದ ಮಿತಿ ಇಲ್ಲ. ಆದರೆ ಮೂರು ವರ್ಷ ಆಕೆಯ ಮೂಲಭೂತ ಖರ್ಚಿಗೆ ನೀವೇ ಹೊಣೆ ಎಂಬ ಮುಚ್ಚಳಿಕೆಗೆ ಸಹಿ ಹಾಕಬೇಕು. ನಡುವೆ ವಿಚ್ಛೇದನವಾದರೂ ಅದು ಕಳಚುವುದಿಲ್ಲ. ಕ್ವಿಬೆಕ್‌ನಲ್ಲಿ ನೆಲೆಸುವುದಾದರೆ ಆ ಪ್ರಾಂತ್ಯದ ಕಾಗದಪತ್ರವೇ ಬೇರೆ.

ಕೊನೆಯ ಹಂತದಲ್ಲಿ ಆಗುವ ತಪ್ಪೊಂದಿದೆ. ವೈದ್ಯಕೀಯ ತಪಾಸಣೆಗೆ ಹನ್ನೆರಡು ತಿಂಗಳ ಆಯುಷ್ಯ, ಪಿ.ಆರ್. ದೃಢೀಕರಣ ಪತ್ರದ ಅವಧಿಯೂ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಅವಧಿ ಮುಗಿಯುತ್ತದೆಂದು ಹೆಂಡತಿಯೊಬ್ಬಳನ್ನೇ ಲ್ಯಾಂಡಿಂಗ್‌ಗೆ (ಪಿ.ಆರ್. ಆಗಿ ಮೊದಲ ಪ್ರವೇಶಕ್ಕೆ) ಕಳಿಸಿ ಗಂಡ ಅಮೆರಿಕದಲ್ಲೇ ಉಳಿದರೆ, ಗಡಿಯಲ್ಲಿನ ಮೊದಲ ಪ್ರಶ್ನೆಯೇ ‘ನಿಮ್ಮ ಸ್ಪಾನ್ಸರ್ ಎಲ್ಲಿ?’ ಇಬ್ಬರೂ ಒಟ್ಟಿಗೆ ದಾಟಿ, ಇಲ್ಲವೇ ನೀವು ಮುಂಚೆ ಹೋಗಿ.

ಪ್ರಶ್ನೆ: ನಾನು ಕೆನಡಾದ ಪಿ.ಆರ್., ಪ್ರಜೆಯಲ್ಲ. ಮನೆ ಡೆಟ್ರಾಯಿಟ್‌ನಲ್ಲಿ, ಕೆಲಸ ವಿಂಡ್ಸರ್‌ನಲ್ಲಿ. ದಿನಾ ಸೇತುವೆ ದಾಟುತ್ತೇನೆ. ಊರಲ್ಲಿರುವ ಹೆಂಡತಿಗೆ ಅರ್ಜಿ ಹಾಕಬಹುದೆ?
– ಓದುಗರು, ಡೆಟ್ರಾಯಿಟ್

ಉತ್ತರ: ಈಗಿರುವಂತೆ ಆಗದು. ಪಿ.ಆರ್. ಇರುವವರು ಕೆನಡಾದೊಳಗೆ ವಾಸವಿದ್ದರೆ ಮಾತ್ರ ಸ್ಪಾನ್ಸರ್ ಆಗಬಹುದು. ಪಿ.ಆರ್. ಉಳಿಸಿಕೊಳ್ಳಲು ಬೇಕಾದ, ಐದು ವರ್ಷದಲ್ಲಿ 730 ದಿನದ ಲೆಕ್ಕಕ್ಕೆ ಕೆನಡಾದಲ್ಲಿ ಕಳೆದ ಅರ್ಧ ದಿನವೂ ಒಂದು ದಿನವೇ, ಹಾಗಾಗಿ ನಿಮ್ಮ ಕಾರ್ಡಿಗೆ ಧಕ್ಕೆ ಇಲ್ಲದಿರಬಹುದು. ಸ್ಪಾನ್ಸರ್‌ಗೆ ನೋಡುವುದು ದಿನವನ್ನಲ್ಲ, ಮನೆಯನ್ನು. ಇದಕ್ಕೆ ತಿರುವುಮುರುವಾಗಿ ವಿಂಡ್ಸರ್‌ನಲ್ಲಿ ಮನೆ ಮಾಡಿಕೊಂಡು ಡೆಟ್ರಾಯಿಟ್‌ಗೆ ಕೆಲಸಕ್ಕೆ ಹೋಗುವವರಿಗೆ ಯಾವ ಅಡ್ಡಿಯೂ ಇಲ್ಲ. ಸಂಬಳ ಅಮೆರಿಕನ್ ಡಾಲರಿನಲ್ಲಿದ್ದರೂ ಸರಿ. ಹಾಗಾಗಿ ಮೊದಲು ಮನೆ ಬದಲಿಸಿ. ಸ್ನೇಹಿತರ ವಿಳಾಸ ಕೊಟ್ಟು ನಿಭಾಯಿಸುವ ಸಲಹೆ ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ: ಸುಳ್ಳು ಮಾಹಿತಿ ಎಂದು ಸಾಬೀತಾದರೆ ಹೋಗುವುದು ಅರ್ಜಿ ಮಾತ್ರವಲ್ಲ, ನಿಮ್ಮ ಪಿ.ಆರ್. ಕೂಡ. ಇನ್ನೊಂದು: ನೀವೇ ಹಿಂದೊಮ್ಮೆ ಸಂಗಾತಿಯ ಸ್ಪಾನ್ಸರ್‌ನಿಂದ ಪಿ.ಆರ್. ಪಡೆದವರಾದರೆ, ಅಂದಿನಿಂದ ಐದು ವರ್ಷ ಹೊಸ ಸಂಗಾತಿಗೆ ಅರ್ಜಿ ಹಾಕುವಂತಿಲ್ಲ.

ಪ್ರಶ್ನೆ: ಮಗಳ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಅಮೆರಿಕದ ವೀಸಾದಲ್ಲಿ ಎಫ್‌ಎನ್‌ಯು ಎಂದು ಬಂದಿದೆ. ಅಳಿಯಂದಿರು ಕೆನಡಾ ಪ್ರಜೆ, ಇಬ್ಬರೂ ಸಿಯಾಟಲ್‌ನಲ್ಲಿದ್ದಾರೆ. ಮದುವೆಗೆ ಕಲ್ಯಾಣಮಂಟಪದವರು ಕೊಟ್ಟ ಪತ್ರ ಮಾತ್ರ ಇದೆ. ಸಾಕೆ?
– ಓದುಗರು, ಶಿವಮೊಗ್ಗ

ಉತ್ತರ: ಮಂಟಪದ ಪತ್ರ, ಮಠದ ಪತ್ರ, ಲಗ್ನಪತ್ರಿಕೆ ಇವೆಲ್ಲ ಪೂರಕ ಸಾಕ್ಷಿ ಮಾತ್ರ. ಸಬ್‌ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಪ್ರಮಾಣಪತ್ರವೇ ಬೇಕು. ಇಬ್ಬರೂ ಊರಿಗೆ ಬಂದಾಗ ಆಗಬೇಕಾದ ಮೊದಲ ಕೆಲಸ ಅದು. ಬರೆಸುವಾಗ ಇನಿಶಿಯಲ್ ಹಾಕಿಸಬೇಡಿ. ಪಾಸ್‌ಪೋರ್ಟ್‌ನಲ್ಲಿ ಹೆಸರು ಹೇಗಿದೆಯೋ ಅಕ್ಷರಕ್ಕಕ್ಷರ ಹಾಗೆಯೇ ಇರಲಿ. ಪ್ರಮಾಣಪತ್ರ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಬೇಕು. ಮನೆಯವರು ಮಾಡಿದ ಅನುವಾದ ನಡೆಯುವುದಿಲ್ಲ, ಅವರು ವಕೀಲರಾಗಿದ್ದರೂ ಸರಿ. ಅನುವಾದ ಮಾಡಿದ ಹೊರಗಿನವರು ಅಧಿಕೃತ ಅನುವಾದಕರಲ್ಲದಿದ್ದರೆ ಅವರಿಂದ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ.

ಎಫ್‌ಎನ್‌ಯು ಅಂದರೆ ‘ಮೊದಲ ಹೆಸರು ತಿಳಿದಿಲ್ಲ’ ಎಂದಷ್ಟೇ. ಒಂದೇ ಹೆಸರಿನ ನಮ್ಮವರಿಗೆಲ್ಲ ಅಮೆರಿಕ ಅಂಟಿಸುವ ಚೀಟಿ ಅದು. ಕೆನಡಾದ ಅರ್ಜಿಯಲ್ಲಿ ಅದನ್ನು ಬರೆಯಬಾರದು: ಪೂರ್ಣ ಹೆಸರನ್ನು ಕುಟುಂಬದ ಹೆಸರಿನ ಜಾಗದಲ್ಲಿ ಹಾಕಿ, ಇನ್ನೊಂದನ್ನು ಖಾಲಿ ಬಿಡಬೇಕು. ಅಮೆರಿಕದ ದಾಖಲೆಗಳಲ್ಲಿ ಎಫ್‌ಎನ್‌ಯು ಇರುವುದನ್ನು ವಿವರಣೆಯ ಪತ್ರದಲ್ಲಿ ತಿಳಿಸಲಿ. ಏಕೆಂದರೆ ಅಲ್ಲಿ ಆರು ತಿಂಗಳಿಗಿಂತ ಹೆಚ್ಚು ಇದ್ದವರು ಎಫ್‌ಬಿಐನ ಅಪರಾಧ ದಾಖಲೆ ವರದಿ ಕೊಡಲೇಬೇಕು, ಅದು ಬರುವುದು ಆ ಹೆಸರಿನಲ್ಲೇ ಇರಬಹುದು. ಅದರ ಶುಲ್ಕ 18 ಡಾಲರ್. ಈಗ ಅಮೆರಿಕದಲ್ಲೇ ಇರುವುದರಿಂದ ಅರ್ಜಿಗೆ ಹಿಂದಿನ ಆರು ತಿಂಗಳೊಳಗಿನದಾಗಿರಬೇಕು. ಭಾರತದ ಪೊಲೀಸ್ ಕ್ಲಿಯರೆನ್ಸ್‌ಗೆ ಅಷ್ಟು ಅವಸರವಿಲ್ಲ, ಕೊನೆಯ ಬಾರಿ ಇಲ್ಲಿ ವಾಸವಿದ್ದ ನಂತರ ಪಡೆದದ್ದಾದರೆ ಸಾಕು.

ಪ್ರಶ್ನೆ: ನನ್ನದು ಉಲ್ಟಾ. ನಾನು ಅಮೆರಿಕದ ಪ್ರಜೆ, ಹತ್ತು ವರ್ಷದಿಂದ ಕೆನಡಾದಲ್ಲಿ. ಹೆಂಡತಿಗೆ ಗ್ರೀನ್ ಕಾರ್ಡ್ ಮಾಡಿಸಬೇಕು. ಅಣ್ಣ ಟೆಕ್ಸಸ್‌ನಲ್ಲಿದ್ದಾನೆ, ಜಂಟಿ ಸ್ಪಾನ್ಸರ್ ಆಗಲು ಒಪ್ಪಿದ್ದಾನೆ.
– ಓದುಗರು, ಮಿಸ್ಸಿಸಾಗಾ

ಉತ್ತರ: ಅಣ್ಣ ಆದಾಯದ ಕೊರತೆ ತುಂಬಬಲ್ಲರು, ನಿಮ್ಮ ವಾಸಸ್ಥಳದ ಕೊರತೆಯನ್ನಲ್ಲ. ಐ-864 ಎಂಬ ಆರ್ಥಿಕ ಹೊಣೆಯ ಮುಚ್ಚಳಿಕೆಗೆ ನಿಮ್ಮ ಡೊಮಿಸೈಲ್ (ಕಾಯಂ ವಾಸಸ್ಥಳ) ಅಮೆರಿಕದಲ್ಲಿರಬೇಕು, ಇಲ್ಲವೇ ಹೆಂಡತಿ ಒಳಬರುವ ದಿನದೊಳಗೆ ಅಲ್ಲಿ ನೆಲೆಸುತ್ತೀರೆಂದು ತೋರಿಸಬೇಕು. ಬ್ಯಾಂಕ್ ಖಾತೆ, ಬಾಡಿಗೆ ಕರಾರು, ಕೆಲಸದ ಪತ್ರ, ಮಕ್ಕಳ ಶಾಲೆ ಇದಕ್ಕೆ ಸಾಕ್ಷಿ. ಕೆನಡಾದ ಸಂಬಳ ಅಲ್ಲಿಗೆ ಹೋದ ಮೇಲೂ ಅದೇ ಕಂಪನಿಯಿಂದ ಮುಂದುವರಿದರೆ ಮಾತ್ರ ಲೆಕ್ಕಕ್ಕೆ. 2025ರ ಮಿತಿಯಂತೆ ಇಬ್ಬರ ಕುಟುಂಬಕ್ಕೆ ವರ್ಷಕ್ಕೆ ಸುಮಾರು 26,437 ಡಾಲರ್ ಆದಾಯ ಬೇಕಿತ್ತು; ಕೊರತೆಯ ಮೂರರಷ್ಟು ಆಸ್ತಿ ತೋರಿಸಿದರೂ ನಡೆಯುತ್ತದೆ.

ಬಹಳ ಜನ ಎಡವುವುದು ತೆರಿಗೆಯಲ್ಲಿ. ಕೆನಡಾದಲ್ಲಿ ಕಟ್ಟುತ್ತಿದ್ದೇನಲ್ಲ ಎಂದು ಅಮೆರಿಕಕ್ಕೆ ರಿಟರ್ನ್ ಸಲ್ಲಿಸಿಯೇ ಇರುವುದಿಲ್ಲ. ಪರದೇಶಿ ಹೆಂಡತಿಯಿಂದ ಪ್ರತ್ಯೇಕವಾಗಿ ಸಲ್ಲಿಸುವ ವಿವಾಹಿತರಿಗೆ ಮಿತಿ ಕೇವಲ 5 ಡಾಲರ್ ಆದಾಯ! ಉದ್ದೇಶಪೂರ್ವಕವಲ್ಲದ ತಪ್ಪಿಗೆ ಸ್ಟ್ರೀಮ್‌ಲೈನ್ಡ್ ಎಂಬ ದಾರಿಯಿದೆ: ಮೂರು ವರ್ಷದ ರಿಟರ್ನ್, ವಿದೇಶಿ ಖಾತೆಗಳ ಆರು ವರ್ಷದ ವರದಿ. ಐ-130 (ಹೆಂಡತಿಗಾಗಿ ನೀವು ಹಾಕುವ ಮೊದಲ ಅರ್ಜಿ) ಹಾಕಿ ಕಾಯುವ ಕಾಲದಲ್ಲೇ ಇದನ್ನು ಮುಗಿಸಿ.

ಖರ್ಚು: ಆನ್‌ಲೈನ್ ಐ-130ಕ್ಕೆ 625, ಆಮೇಲೆ ವೀಸಾ ಅರ್ಜಿಗೆ 325 ಮತ್ತು ಐ-864 ಪರಿಶೀಲನೆಗೆ 120, ವೀಸಾ ಸಿಕ್ಕ ಮೇಲೆ ಕಾರ್ಡಿಗೆ 235 ಡಾಲರ್. ಕೆನಡಾದಲ್ಲಿರುವವರಿಗೆ ಸಂದರ್ಶನ ಮಾಂಟ್ರಿಯಲ್‌ನಲ್ಲಿ ಮಾತ್ರ. ವೀಸಾ ಕೈಗೆ ಬಂದಾಗ ಮದುವೆಯಾಗಿ ಎರಡು ವರ್ಷ ತುಂಬಲು ಕೆಲವೇ ವಾರ ಉಳಿದಿದ್ದರೆ, ವೀಸಾ ಅವಧಿಯೊಳಗೆ ಆ ದಿನ ಕಳೆದ ಮೇಲೆ ಗಡಿ ದಾಟಿ, ಮದುವೆಯ ದಿನಾಂಕವನ್ನು ಅಧಿಕಾರಿಗೆ ತೋರಿಸಿ. ಎರಡು ವರ್ಷದ ಷರತ್ತಿನ ಕಾರ್ಡಿನ ಬದಲು ಹತ್ತು ವರ್ಷದ್ದು ಸಿಗುತ್ತದೆ, ಷರತ್ತು ತೆಗೆಸುವ ಐ-751 ಎಂಬ ಇನ್ನೊಂದು ಅರ್ಜಿಯೂ ಅದರ 750 ಡಾಲರೂ ಉಳಿಯುತ್ತವೆ.